ಪಿಯುಸಿ ಆಯ್ತು, ಎರಡು ಎಕರೆ ಇದೆ. ಸಾವಯವ ಕೃಷಿಗೆ ಕಾಲೇಜು ಬೇಕಾ?

ಪಿಯುಸಿ ಸೈನ್ಸ್ ಮುಗಿದಿದೆ, ಸಿಂದಗಿ ಕಡೆ ಎರಡು ಎಕರೆ ಎರೆ ಹೊಲ ಇದೆ, ಸಾವಯವ ಮಾಡೋಕೆ ನಾಲ್ಕು ವರ್ಷ ಬಿಎಸ್ಸಿ ಅಗ್ರಿ ಓದಬೇಕಾ, ಯೂಟ್ಯೂಬ್ ಸಾಕಾ ಅಂತ ಕೇಳಿದ್ದೀರಿ. ನಾನು ವಿಜಯಪುರದ ಹತ್ತಿರ ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನಲ್ಲಿ ಓದಿದವನು. ಈಗ ಅರ್ಧ ಎಕರೆ ತರಕಾರಿ ಬೆಳೆಯುತ್ತೇನೆ, ಉಳಿದದ್ದರಲ್ಲಿ ಹಿಂಗಾರಿಗೆ ಜೋಳ, ಕಡಲೆ.

ಮೊದಲೇ ಹೇಳಿಬಿಡ್ತೀನಿ, ಸಾವಯವ ಅಂತಲೇ ಇರುವ ಪಾಠ ನಾಲ್ಕು ವರ್ಷದಲ್ಲಿ ಬಹಳ ಕಡಿಮೆ. ಯೂರಿಯಾ ಲೆಕ್ಕವನ್ನೂ ಓದಬೇಕು, ಕೀಟನಾಶಕದ ಹೆಸರುಗಳನ್ನೂ ಬಾಯಿಪಾಠ ಮಾಡಬೇಕು. ಆದರೆ ಮುಂಗಾರಿಗೊಂದು, ಹಿಂಗಾರಿಗೊಂದು ಬೆಳೆಯನ್ನು ಹೊಲ ಹಸನು ಮಾಡುವುದರಿಂದ ಹಿಡಿದು ರಾಶಿ ತನಕ ನಾವೇ ಬೆಳೆದು ಖರ್ಚು-ಆದಾಯ ಬರೆಯುವ ಪ್ರಾಕ್ಟಿಕಲ್ ಇರುತ್ತದೆ. ಕೊನೆಯ ವರ್ಷ ಹಳ್ಳಿಯಲ್ಲಿ ರೈತರ ಜೊತೆಗೇ ಇದ್ದು ಕೆಲಸ ಕಲಿಯುವ ತರಬೇತಿ ಇದೆ, ಅದಕ್ಕೆ ರಾವೆ ಅಂತಾರೆ. ನಾನು ಕಲಿತದ್ದು ಜಾಸ್ತಿ ಅಲ್ಲೇ.

ಒಂದು ಉದಾಹರಣೆ. ನಾವು ನಾಲ್ಕು ಹುಡುಗರು ಸೇರಿ ಕಾಂಪೋಸ್ಟ್ ಗುಡ್ಡೆ ಹಾಕಿದೆವು. ಜೋಳದ ದಂಟು, ತೊಗರಿ ಕಟ್ಟಿಗೆ, ಮೇಲೆ ಎರಡು ಬುಟ್ಟಿ ಸಗಣಿ. ಹದಿನೈದು ದಿನ ಆದರೂ ಅದು ಹಾಗೇ ತಣ್ಣಗೆ ಕೂತಿತ್ತು. ಸರ್ ಬಂದು ಕೈ ಹಾಕಿ ನೋಡಿ, "ಇದು ಗೊಬ್ಬರ ಅಲ್ರಪ್ಪಾ, ಬಣವೆ" ಅಂದರು. ಒಣ ಕಸ ಜಾಸ್ತಿ, ಹಸಿ ಕಡಿಮೆ, ನೀರಂತೂ ಇಲ್ಲವೇ ಇಲ್ಲ. ಎಲ್ಲ ಕೆದರಿ, ದಂಟು ಕತ್ತರಿಸಿ, ಹಸಿ ಸೊಪ್ಪು, ಇನ್ನಷ್ಟು ಸಗಣಿ ಸೇರಿಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ನೀರು ಹಾಕಿ ಮತ್ತೆ ಒಟ್ಟಿದೆವು. ಮೂರ್ನಾಲ್ಕು ದಿನಕ್ಕೆ ಒಳಗೆ ಕೈ ಇಡೋಕೆ ಆಗದಷ್ಟು ಬಿಸಿ! ಕಾರ್ಬನ್ (ಒಣ ಕಸದಲ್ಲಿ ಜಾಸ್ತಿ ಇರೋದು) 30 ಪಾಲಿಗೆ ನೈಟ್ರೋಜನ್ (ಹಸಿ ಸೊಪ್ಪು, ಸಗಣಿಯಿಂದ ಬರೋದು) 1 ಪಾಲು ಇರಬೇಕು ಅಂತ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ತಲೆಗೆ ಹೋಗಿದ್ದು ಆವತ್ತು.

ಹೋಗಿದ್ದೂ ಅರ್ಧವೇ ಅನ್ನಿ. ಊರಿಗೆ ಬಂದ ಮೊದಲ ವರ್ಷ ಅವಸರಕ್ಕೆ ಬಿದ್ದು ಸರಿಯಾಗಿ ಕೊಳೆಯದ ಗೊಬ್ಬರವನ್ನೇ ಮೆಂತ್ಯದ ಮಡಿಗೆ ಹಾಕಿದೆ. ಮಡಿ ಪೂರ್ತಿ ಹಳದಿ. ದಂಟು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ನೈಟ್ರೋಜನ್ನನ್ನೇ ತಿಂದುಬಿಡುತ್ತವೆ, ಗಿಡಕ್ಕೆ ಉಳಿಯಲ್ಲ. ಅಕ್ಕಪಕ್ಕದವರು "ಸಾವಯವ ಅಂದ್ರೆ ಹಿಂಗೇ, ಒಂದು ಹಿಡಿ ಯೂರಿಯಾ ಒಗಿ" ಅಂದರು. ಕಾರಣ ಗೊತ್ತಿದ್ದರಿಂದ ಹೆದರಲಿಲ್ಲ. ಓದಿನಿಂದ ನನಗಾದ ಲಾಭ ಅಂದರೆ ಇದೇ.

ಯೂಟ್ಯೂಬ್ ಬೇಡ ಅನ್ನಲ್ಲ. ಮಣ್ಣಿಗೆ ಹಾಕುವ ಹುದುಗಿಸಿದ ದ್ರವಗೊಬ್ಬರ ಜೀವಾಮೃತಕ್ಕೆ 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, ಬೆಲ್ಲ, ದ್ವಿದಳ ಹಿಟ್ಟು ಎರಡೆರಡು ಕೆಜಿ, ಒಂದು ಹಿಡಿ ಬದುವಿನ ಮಣ್ಣು, ಇಷ್ಟು ಯಾರು ಬೇಕಾದರೂ ಹೇಳ್ತಾರೆ. ಬೇವಿನ ಬೀಜದ ಕಷಾಯವನ್ನು ಸಂಜೆಯೇ ಏಕೆ ಹೊಡೆಯಬೇಕು, ಮಧ್ಯಾಹ್ನ ಹೊಡೆದರೆ ಬಿಸಿಲಿಗೆ ಅದರ ಸತ್ವ ಹೇಗೆ ಹಾಳಾಗುತ್ತದೆ, ಹುಳು ಚಿಕ್ಕದಿದ್ದಾಗಲೇ ಏಕೆ ಹೊಡೆಯಬೇಕು, ಇದನ್ನು ಹೇಳುವವರು ಕಡಿಮೆ.

ಕಾಲೇಜಿನಲ್ಲಿ ನನಗೆ ಬರದೇ ಹೋದದ್ದು ಮಾರಾಟ. ಸಂತೆಯಲ್ಲಿ "ಔಷಧ ಹೊಡೆದಿಲ್ಲ ಅಕ್ಕಾ" ಅಂದರೆ, "ಅದಕ್ಕೇ ಬದನೆಕಾಯಿ ತೂತು ಬಿದ್ದಾವ?" ಅಂತ ಕೇಳ್ತಾರೆ. ಸರ್ಟಿಫಿಕೇಟ್ ಬೇಕಂದರೆ ವಾರ್ಷಿಕ ಬೆಳೆಗೆ 2 ವರ್ಷ, ನಿಂಬೆಯಂಥದ್ದಕ್ಕೆ 3 ವರ್ಷ ಪರಿವರ್ತನೆಯ ಕಾಲ, ಅಂದರೆ ರಾಸಾಯನಿಕ ಬಿಟ್ಟು ಸರ್ಟಿಫಿಕೇಟಿಗೆ ಕಾಯುವ ಕಾಲ. ಆ ವರ್ಷಗಳಲ್ಲಿ ಹೆಚ್ಚಿನ ರೇಟು ಸಿಗುತ್ತೆ ಅಂತ ನಂಬಿ ಸಾಲ ಮಾಡಬೇಡಿ.

ನೌಕರಿಯ ಆಸೆಯೂ ಇದ್ದರೆ ಸಿಇಟಿ ಬರೆದು ಬಿಎಸ್ಸಿ ಸೇರಿ. ರೈತರ ಮಕ್ಕಳ ಕೋಟಾಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ, ಬೀಜ, ಗೊಬ್ಬರ ಗುರುತಿಸೋದು ಕಲಿತು ಹೋಗಿ. ಬರೀ ಎರಡು ಎಕರೆ ಮಾಡೋದೇ ಆದರೆ ನಾಲ್ಕು ವರ್ಷ ಜಾಸ್ತಿ ಆಯ್ತು. ಕೃಷಿ ವಿಜ್ಞಾನ ಕೇಂದ್ರದ ತರಬೇತಿ ಮಾಡಿ, ಜೊತೆಗೆ ಐದು ಗುಂಟೆಯಲ್ಲಿ ಈ ಸಲವೇ ಶುರು ಮಾಡಿ. ಪೂರ್ತಿ ಎರಡು ಎಕರೆಗೆ ಒಮ್ಮೆಲೇ ಕೈ ಹಾಕಬೇಡಿ.

ಅಂದಹಾಗೆ ನೀರಿನ ವಿಷಯ ನೀವು ಬರೆದೇ ಇಲ್ಲ. ಬೋರ್ ಇದೆಯಾ, ಕಾಲುವೆ ನೀರು ಬರುತ್ತಾ, ಇಲ್ಲಾ ಬರೀ ಮಳೆನಾ? ಅದು ಗೊತ್ತಾದರೆ ಯಾವ ಬೆಳೆಯಿಂದ ಶುರು ಮಾಡಬೇಕು ಅಂತ ಹೇಳ್ತೀನಿ.