ಸ್ಟೀಲ್ ಬಾಟಲಿ ಬಿದ್ದ ಮೇಲೆ ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ, ಪಾಯಿಂಟರ್ ತಾನಾಗಿ ಓಡುತ್ತದೆ. ಮನೆಯಲ್ಲೇ ಸರಿ ಮಾಡಬಹುದೇ?

ಕಪಾಟಿನಿಂದ ಸ್ಟೀಲ್ ಬಾಟಲಿ ಬಿದ್ದು ಲ್ಯಾಪ್‌ಟಾಪ್ ಟಚ್‌ಪ್ಯಾಡಿನ ಬಲ ಕೆಳಮೂಲೆ ಬಿರುಕು ಬಿಟ್ಟಿದೆ, ಒತ್ತಿದರೆ ಕ್ಲಿಕ್ ಇಲ್ಲ, ಪಾಯಿಂಟರ್ ಆಗಾಗ ಓಡಾಡುತ್ತದೆ ಎಂದು ಬರೆದಿದ್ದೀರಿ. ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಆದರೆ ಹೊಸ ಟಚ್‌ಪ್ಯಾಡ್ ತರಿಸುವ ಮುಂಚೆ ಕೆಟ್ಟಿರುವುದು ಯಾವುದು ಅಂತ ಪತ್ತೆ ಮಾಡಿ. ಮೇಲಿನ ಗಾಜು, ಅದಕ್ಕೆ ಅಂಟಿದ ಸರ್ಕ್ಯೂಟ್ ಬೋರ್ಡ್, ಕ್ಲಿಕ್ ಸ್ವಿಚ್, ಮದರ್‌ಬೋರ್ಡ್‌ಗೆ ಹೋಗುವ ಚಪ್ಪಟೆ ಕೇಬಲ್, ಇವು ನಾಲ್ಕು ಬೇರೆ ಬೇರೆ ಸಂಗತಿ. ಗಾಜು ಒಡೆದ ಮಾತ್ರಕ್ಕೆ ಉಳಿದದ್ದು ಹೋಯಿತು ಅಂತಲ್ಲ.

ಎಲ್ಲಕ್ಕಿಂತ ಮೊದಲು ಬ್ಯಾಟರಿ ನೋಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಟಚ್‌ಪ್ಯಾಡಿನ ಹಿಂದೆಯೇ ಇಲ್ಲವೇ ಪಕ್ಕದಲ್ಲೇ ಇರುತ್ತದೆ. ಸಮತಟ್ಟು ಮೇಜಿನ ಮೇಲೆ ಇಟ್ಟಾಗ ಲ್ಯಾಪ್‌ಟಾಪ್ ಅಲುಗಾಡಿದರೆ, ಅಥವಾ ಟಚ್‌ಪ್ಯಾಡ್ ಪಾಮ್‌ರೆಸ್ಟ್‌ಗಿಂತ (ಅಂಗೈ ಊರುವ ಜಾಗ) ಉಬ್ಬಿ ನಿಂತಿದ್ದರೆ, ಬ್ಯಾಟರಿ ಊದಿಕೊಂಡಿದೆ ಅಂತ ತಿಳಿಯಿರಿ. ಆಗ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಮೀಟಬೇಡಿ. ಅದು ಬೆಂಕಿಯ ವಿಷಯ, ನೇರ ಸರ್ವಿಸ್‌ನವರ ಕೈಗೆ ಕೊಡಿ.

ಬ್ಯಾಟರಿ ಸರಿಯಿದ್ದರೆ ಯುಎಸ್‌ಬಿ ಮೌಸ್ ಸಿಕ್ಕಿಸಿ, ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಹತ್ತು ನಿಮಿಷ ಟಚ್‌ಪ್ಯಾಡ್ ಬಳಸಿ ನೋಡಿ. ಪಾಯಿಂಟರ್ ಓಡಾಟ ನಿಂತರೆ ಆ ದೋಷ ಬಾಟಲಿಯದ್ದಲ್ಲ, ಅರ್ಥಿಂಗ್ ಇಲ್ಲದ ಸಾಕೆಟ್ ಅಥವಾ ಚಾರ್ಜರ್‌ನದ್ದು. ಟಚ್‌ಪ್ಯಾಡ್ ಬೆರಳಿನ ವಿದ್ಯುತ್ ಧಾರಕತೆಯನ್ನು ಅಳೆಯುತ್ತದೆ, ಆದ್ದರಿಂದ ಚಾರ್ಜರ್‌ನ ಸೋರಿಕೆ ಅದನ್ನು ದಾರಿ ತಪ್ಪಿಸುತ್ತದೆ. ಬ್ಯಾಟರಿಯಲ್ಲೂ ಓಡಿದರೆ ಬೋರ್ಡಿನ ಸೂಕ್ಷ್ಮ ಗೆರೆಗಳು ತುಂಡಾಗಿರಬಹುದು, ಇಲ್ಲವೇ ಕೇಬಲ್ ಸಡಿಲವಾಗಿರಬಹುದು.

ಇನ್ನು ಕ್ಲಿಕ್. ಸೆಟ್ಟಿಂಗ್ಸ್‌ನಲ್ಲಿ ಟ್ಯಾಪ್ ಆನ್ ಮಾಡಿ, ಮೆಲ್ಲಗೆ ತಟ್ಟಿ. ಟ್ಯಾಪ್ ಕೆಲಸ ಮಾಡಿ, ಒತ್ತಿದಾಗ ಮಾತ್ರ ಆಗದಿದ್ದರೆ ಸೆನ್ಸರ್ (ಸ್ಪರ್ಶ ಗುರುತಿಸುವ ಬೋರ್ಡ್) ಗಟ್ಟಿಯಾಗಿದೆ, ತೊಂದರೆ ಇರುವುದು ಸ್ವಿಚ್‌ನಲ್ಲಿ ಅಥವಾ ಬಾಗಿದ ಚೌಕಟ್ಟಿನಲ್ಲಿ. ಇದು ಒಳ್ಳೆಯ ಸುದ್ದಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ (ಜೋಡಿಸಿರುವ ಸಾಧನಗಳ ಪಟ್ಟಿ) ಟಚ್‌ಪ್ಯಾಡ್ ಹೆಸರೇ ಕಾಣದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ.

ಬಿಚ್ಚುವ ಮುಂಚೆ ಡೇಟಾ ಬ್ಯಾಕಪ್ ಮಾಡಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿರಬಹುದು. ಹೆಚ್ಚಿನವಕ್ಕೆ ಪ್ಲಸ್ ಆಕಾರದ ಸಣ್ಣ ತುದಿಯ ಪಿಎಚ್0 ಸ್ಕ್ರೂಡ್ರೈವರ್ ಸಾಕು, ಡೆಲ್ ಎಕ್ಸ್‌ಪಿಎಸ್‌ನ ಹಲವು ಮಾದರಿಗೆ ಆರು ಮೂಲೆ ನಕ್ಷತ್ರದಂಥ ಟಾರ್ಕ್ಸ್ ಟಿ5, ಮ್ಯಾಕ್‌ಬುಕ್‌ಗೆ ಐದು ದಳದ ಪೆಂಟಲೋಬ್ ಬೇಕು. ತೆಗೆದ ಸ್ಕ್ರೂಗಳನ್ನು ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಆಯಾ ಜಾಗದಲ್ಲೇ ಅಂಟಿಸಿ. ಅವುಗಳ ಉದ್ದ ಒಂದೇ ಇರುವುದಿಲ್ಲ, ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಪಾಮ್‌ರೆಸ್ಟ್ ಅಥವಾ ಬೋರ್ಡ್ ತೂತು ಮಾಡುತ್ತದೆ. ಮುಚ್ಚಳ ತೆರೆಯಲು ಹಳೆಯ ಎಟಿಎಂ ಕಾರ್ಡ್ ಬಳಸಿ, ಲೋಹ ಬೇಡ. ಒಳಗೆ ಹೋದೊಡನೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚುವುದು. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ.

ಈಗ ಕೇಬಲ್. ಜನ ಹೆಚ್ಚು ಕೆಡಿಸಿಕೊಳ್ಳುವ ಜಾಗ ಇದೇ, ಹಾಗಾಗಿ ನಿಧಾನಕ್ಕೆ ಮಾಡಿ. ಕನೆಕ್ಟರ್‌ನ ಬೀಗ ಎರಡು ಬಗೆ. ಒಂದು ಬಾಗಿಲಿನಂತೆ ಮೇಲಕ್ಕೆ ಏಳುತ್ತದೆ, ಉಗುರಿನಿಂದ ಎತ್ತಿದರೆ ಸಾಕು. ಇನ್ನೊಂದು ಡ್ರಾಯರ್‌ನಂತೆ, ಎರಡೂ ಬದಿಯನ್ನು ಸಮನಾಗಿ ಸುಮಾರು ಒಂದು ಮಿಲಿಮೀಟರ್ ಹೊರಕ್ಕೆ ಎಳೆಯಬೇಕು. ಒಂದೇ ಬದಿ ಎಳೆದರೆ ಬೀಗ ಮುರಿಯುತ್ತದೆ, ಆಮೇಲೆ ಆ ಸಣ್ಣ ಪ್ಲಾಸ್ಟಿಕ್ ಚೂರಿಗಾಗಿ ಮದರ್‌ಬೋರ್ಡ್ ಮೇಲೆ ಬೆಸುಗೆ ಹಾಕಿಸಬೇಕಾಗುತ್ತದೆ. ಕೇಬಲ್ ತೆಗೆದು, ತುದಿಯ ಮಿನುಗುವ ಭಾಗವನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಳಗೆ ನೇರವಾಗಿ ಕೂರಿಸಿ ಬೀಗ ಹಾಕಿ. ಬಾಟಲಿ ಬಿದ್ದ ಏಟಿಗೆ ಕೇಬಲ್ ಅರ್ಧ ಜಾರಿದ್ದರೆ ರಿಪೇರಿ ಇಲ್ಲಿಗೇ ಮುಗಿಯಬಹುದು.

ಕೇಬಲ್ ಹರಿದಿದ್ದರೆ ಅಷ್ಟೇ ಪಿನ್, ಅಷ್ಟೇ ಪಿಚ್ (ಪಿನ್‌ನಿಂದ ಪಿನ್‌ಗೆ ಇರುವ ಅಂತರ, ಸಾಮಾನ್ಯವಾಗಿ 0.5 ಮಿ.ಮೀ.), ಅಷ್ಟೇ ಉದ್ದದ್ದು ತನ್ನಿ. ಎರಡೂ ತುದಿಯ ಮಿನುಗುವ ಗೆರೆಗಳು ಒಂದೇ ಬದಿಗಿವೆಯೋ, ಎದುರುಬದುರು ಬದಿಗಿವೆಯೋ ಎನ್ನುವುದೂ ಹಳೆಯದರಂತೆಯೇ ಇರಬೇಕು. ಇದು ತಪ್ಪಿದರೆ ಪಿನ್‌ಗಳ ಸರದಿ ತಿರುಗುಮುರುಗಾಗಿ ಬೋರ್ಡ್ ಸುಡಬಹುದು.

ಕ್ಲಿಕ್ ಸ್ವಿಚ್ ಸಾಮಾನ್ಯವಾಗಿ ಟಚ್‌ಪ್ಯಾಡಿನ ಕೆಳ ಅಂಚಿನ ನಡುವೆ ಇರುತ್ತದೆ. ಟಚ್‌ಪ್ಯಾಡ್ ಹೊರತೆಗೆದು ಉಗುರಿನಿಂದ ಸ್ವಿಚ್ ಒತ್ತಿ. ಅದು ಸದ್ದು ಮಾಡಿದರೆ, ಒತ್ತಿದಾಗ ಮಲ್ಟಿಮೀಟರ್‌ನ (ವಿದ್ಯುತ್ ಅಳೆಯುವ ಉಪಕರಣ) ಕಂಟಿನ್ಯುಟಿ ಬೀಪ್ ಕೂಡ ಬಂದರೆ ಸ್ವಿಚ್ ಸರಿ. ಆಗ ಅದಕ್ಕೆ ತಾಗಬೇಕಾದ ಲೋಹದ ಪಟ್ಟಿ ಬಾಗಿ ದೂರವಾಗಿದೆ ಎಂದರ್ಥ. ಪಟ್ಟಿಯನ್ನು ಸಮತಟ್ಟು ಜಾಗದಲ್ಲಿಟ್ಟು ಬೆರಳಿನಿಂದಲೇ ನೇರ ಮಾಡಿ, ಇನ್ನೂ ಅಂತರ ಉಳಿದರೆ ಸ್ವಿಚ್ ತಾಗುವ ಜಾಗಕ್ಕೆ ಒಂದು ಪದರ ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯಗೊಡದ ತೆಳು ಟೇಪ್) ಅಂಟಿಸಿ. ಎರಡು ಮೂರು ಪದರ ಹಾಕಿದರೆ ಕ್ಲಿಕ್ ಸದಾ ಒತ್ತಿಕೊಂಡೇ ಇರುತ್ತದೆ. ಇತ್ತೀಚಿನ ಹೆಚ್ಚಿನ ಮ್ಯಾಕ್‌ಬುಕ್‌ಗಳಲ್ಲಿ ಸ್ವಿಚ್ಚೇ ಇಲ್ಲ, ಕಂಪನ ಕೊಟ್ಟು ಕ್ಲಿಕ್ ಅನಿಸುವಂತೆ ಮಾಡುತ್ತವೆ. ಅಲ್ಲಿ ಈ ಉಪಾಯ ನಡೆಯದು.

ಬಿರುಕಿಗೆ ಫೆವಿಕ್ವಿಕ್ ಹಾಕಲೇಬೇಡಿ. ಅದು ಸಂದಿಯಿಂದ ಇಳಿದು ಟಚ್‌ಪ್ಯಾಡನ್ನೇ ಚೌಕಟ್ಟಿಗೆ ಅಂಟಿಸಿಬಿಡುತ್ತದೆ. ಸೆನ್ಸರ್ ಸರಿಯಿದ್ದರೆ ಮೇಲೆ ತೆಳು ಪಾರದರ್ಶಕ ಟೇಪ್ ಹಾಕಿ, ಬೆರಳೂ ಕುಯ್ಯುವುದಿಲ್ಲ, ಸ್ಪರ್ಶವೂ ತಪ್ಪುವುದಿಲ್ಲ.

ಸೆನ್ಸರ್ ಹೋಗಿದ್ದರೆ ಬದಲಿಸುವುದೊಂದೇ ದಾರಿ. ಲ್ಯಾಪ್‌ಟಾಪ್ ಮಾದರಿಯ ಹೆಸರು ನಂಬಿ ಕೊಳ್ಳಬೇಡಿ. ಒಂದೇ ಮಾದರಿಗೆ ಒಮ್ಮೆ ಸಿನಾಪ್ಟಿಕ್ಸ್, ಒಮ್ಮೆ ಎಲಾನ್ ಕಂಪನಿಯ ಟಚ್‌ಪ್ಯಾಡ್ ಬಂದಿರಬಹುದು, ಕನೆಕ್ಟರ್ ಹೊಂದದೆ ಹೋಗಬಹುದು. ಹಿಂಬದಿಯ ಸ್ಟಿಕರ್ ಮೇಲಿನ ಪಾರ್ಟ್ ನಂಬರ್ ನೋಡಿ ತನ್ನಿ. ಬೆಂಗಳೂರಲ್ಲಿದ್ದರೆ ಹಳೆಯದನ್ನೇ ಹಿಡಿದುಕೊಂಡು ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗುವುದು ವಾಸಿ, ಪಕ್ಕದಲ್ಲಿಟ್ಟು ಹೋಲಿಸಬಹುದು.

ಹೊಸದನ್ನು ಕೂರಿಸುವಾಗ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಸುತ್ತಲಿನ ಸಂದಿ ಸಮನಾಗಿದೆಯೇ ನೋಡಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಕ್ಲಿಕ್ ಮತ್ತೆ ಸಾಯುತ್ತದೆ. ಬ್ಯಾಟರಿ ಜೋಡಿಸಿ, ಮುಚ್ಚಳವನ್ನು ಸ್ಕ್ರೂ ಇಲ್ಲದೆ ಸುಮ್ಮನೆ ಕೂರಿಸಿ, ನಾಲ್ಕೂ ಮೂಲೆಯಲ್ಲಿ ಬೆರಳಾಡಿಸಿ, ಎರಡು ಬೆರಳಿನ ಸ್ಕ್ರಾಲ್ ಮತ್ತು ಎಡ, ಬಲ ಕ್ಲಿಕ್ ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಮಾತ್ರ ಸ್ಕ್ರೂ ಹಾಕಿ.

ನಿಮ್ಮ ಲ್ಯಾಪ್‌ಟಾಪ್ ಮಾದರಿ, ಆ ಸ್ಟಿಕರ್‌ನ ಫೋಟೋ ಎರಡನ್ನೂ ಹಾಕಿ. ಯಾವ ಪಾರ್ಟ್ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.