‘ಊಟದಲ್ಲಿ ಹೊಂದಿಸ್ಕೊತೀನಿ ಮೇಡಂ’

ವಿಶ್ವವಿದ್ಯಾಲಯ ಸೇರುವ ಹೊತ್ತಿಗೆ ಹಣದ ಚಿಂತೆ ಹೊತ್ತು ಬರುವವರಲ್ಲಿ ದುಂದುಗಾರರು ಕಡಿಮೆ. ಹೆಚ್ಚಿನವರು ಕಷ್ಟಪಟ್ಟು ಉಳಿಸಿದವರು, ಲೆಕ್ಕ ಬರೆದಿಟ್ಟವರು. ಅಂಥವರ ಬಾಯಲ್ಲೇ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಈ ಪ್ರಕರಣ ಬರೆಯುತ್ತಿರುವುದು ಆ ಮಾತಿನ ಸಲುವಾಗಿ. ಗುರುತು ಹತ್ತದಂತೆ ವಿವರ ಬದಲಿಸಿದ್ದೇನೆ, ಹಣವನ್ನು ಪಾಲುಗಳಲ್ಲಿ ಹೇಳಿದ್ದೇನೆ.

ಹುಡುಗನಿಗೆ 18. ಮನೆ ಬಿಟ್ಟು ಬೇರೆ ಊರಿಗೆ ಓದಲು ಹೊರಟವನು. ಒಂದು ವರ್ಷ ಅರೆಕಾಲಿಕ ಕೆಲಸ ಮಾಡಿ ದುಡ್ಡು ಕೂಡಿಟ್ಟಿದ್ದ. ಬೋಧನಾ ಶುಲ್ಕ ತಂದೆಯೇ ಕಟ್ಟಿಯಾಗಿತ್ತು. ಅವರು ಮಗನನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು ಹಣದ ವಿಷಯಕ್ಕಲ್ಲ, ಅವನಿಗೆ ನಿದ್ದೆ ಬರುತ್ತಿಲ್ಲ ಎಂದು.

ಎರಡನೇ ಭೇಟಿಯಲ್ಲಿ ಅವನು ಲೆಕ್ಕದ ಹಾಳೆ ಮೇಜಿನ ಮೇಲಿಟ್ಟ. ಒಟ್ಟು 100 ಪಾಲು: ಕೈಯಲ್ಲಿರುವುದು 70, ಬರಬೇಕಾದ ವಿದ್ಯಾರ್ಥಿವೇತನ 30. ಓದಿನ ವರ್ಷ 10 ತಿಂಗಳು. ತಿಂಗಳಿಗೆ 10 ಪಾಲು, ಅದರಲ್ಲಿ ಬಾಡಿಗೆ 4, ಊಟ, ಓಡಾಟ, ಫೋನು ಎಲ್ಲಾ ಸೇರಿ 6. ನೋಡಲು ಸರಿಯಾಗಿಯೇ ಇತ್ತು. ಇಂಥ ಹಾಳೆಗಳೆಲ್ಲ ನೋಡಲು ಸರಿಯಾಗಿಯೇ ಇರುತ್ತವೆ.

ತಪ್ಪಿದ್ದದ್ದು ಭಾಗಾಕಾರದಲ್ಲಿ. ಹಣ ತಿಂಗಳಿಗೆ ಸಮನಾಗಿ ಖರ್ಚಾಗುವುದಿಲ್ಲ. ಅದೇ ಹಾಳೆಯ ಹಿಂಬದಿಯಲ್ಲಿ ಮೊದಲ ತಿಂಗಳೊಂದನ್ನೇ ಬಿಡಿಸಿ ಬರೆಸಿದೆ. ಎರಡು ತಿಂಗಳ ಬಾಡಿಗೆಯಷ್ಟು ಮುಂಗಡ ಠೇವಣಿ 8. ಆ ತಿಂಗಳ ಬಾಡಿಗೆ 4. ಪ್ರಯೋಗಾಲಯ, ಗುರುತಿನ ಚೀಟಿ ಇತ್ಯಾದಿ ಚಿಲ್ಲರೆ ಶುಲ್ಕ 3. ಹಾಸಿಗೆ, ಪಾತ್ರೆ, ಬಕೆಟ್, ಬೀಗ 4. ಪುಸ್ತಕ 4. ಪ್ರಯಾಣ 2. ಊಟ ಮತ್ತು ಇತರೆ 6. ಒಟ್ಟು 31. ಠೇವಣಿ ಕಳೆದುಹೋಗುವ ಹಣವಲ್ಲ ನಿಜ, ಆದರೆ ಕೋಣೆ ಬಿಡುವ ತನಕ ಕೈಗೆ ಸಿಗುವ ಹಣವೂ ಅಲ್ಲ.

ಮೊದಲ ತಿಂಗಳ ಕೊನೆಗೆ ಕೈಯಲ್ಲಿ 39. ಎರಡನೆಯದಕ್ಕೆ 29, ಮೂರಕ್ಕೆ 19, ನಾಲ್ಕಕ್ಕೆ 9. ವಿದ್ಯಾರ್ಥಿವೇತನ ಅಷ್ಟರೊಳಗೆ ಬರದಿದ್ದರೆ ಐದನೇ ತಿಂಗಳ ಖರ್ಚು ತೂಗುವುದಿಲ್ಲ. ಬಂದರೂ ಎಂಟನೇ ತಿಂಗಳ ಕೊನೆಯ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಪರೀಕ್ಷೆಯ ಓದು ಬಿರುಸಾಗುವುದೂ ಆಗಲೇ. ಒಟ್ಟು ಕೊರತೆ 21 ಪಾಲು.

ಹುಡುಗನ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಡುತ್ತಾ ಹೇಳಿದ: “ಗೊತ್ತಿತ್ತು ಮೇಡಂ. ಊಟದಲ್ಲಿ ಹೊಂದಿಸ್ಕೊತೀನಿ. ಒಂದು ಹೊತ್ತು ಬಿಟ್ರೆ ಸರಿಹೋಗುತ್ತೆ.”

ನಿದ್ದೆ ಕೆಡಿಸಿದ್ದು ಇದೇ. ಒಂದು ವರ್ಷದ ಹಸಿವನ್ನು ಮನೆಯಲ್ಲಿ ಯಾರಿಗೂ ಹೇಳದೆ ಮೊದಲೇ ಒಪ್ಪಿಕೊಂಡುಬಿಟ್ಟಿದ್ದ.

ಬಾಡಿಗೆ ಕಟ್ಟದಿದ್ದರೆ ಮಾಲೀಕರು ಬಾಗಿಲು ತಟ್ಟುತ್ತಾರೆ. ಫೋನಿಗೆ ಹಣ ಹಾಕಿಸದಿದ್ದರೆ ಗೆಳೆಯರು ಕೇಳುತ್ತಾರೆ, ಶುಲ್ಕ ತಡವಾದರೆ ಕಚೇರಿಯಿಂದ ನೋಟಿಸು ಬರುತ್ತದೆ. ಊಟ ಬಿಟ್ಟರೆ ಕೇಳುವವರು ಯಾರೂ ಇಲ್ಲ. ಅದಕ್ಕೇ ಸಂಕೋಚದ ಮಕ್ಕಳು ಮೊದಲು ಕತ್ತರಿ ಹಾಕುವುದು ಊಟಕ್ಕೆ. ಹೊಟ್ಟೆಗಿಲ್ಲದವನಿಗೆ ಮಧ್ಯಾಹ್ನದ ತರಗತಿಯಲ್ಲಿ ಗಮನ ನಿಲ್ಲುವುದಿಲ್ಲ, ರಾತ್ರಿ ನಿದ್ದೆ ಸರಿಯಾಗುವುದಿಲ್ಲ. ಹೊಸ ಜಾಗದಲ್ಲಿ ಸ್ನೇಹ ಬೆಳೆಯುವುದೇ ಜೊತೆಗೆ ಕೂತು ಉಣ್ಣುವಾಗ. ದುಡ್ಡಿಲ್ಲದವನು ‘ನನ್ನದಾಯ್ತು’ ಎಂದು ಸುಳ್ಳು ಹೇಳಿ ಕೋಣೆಗೆ ಹೋಗುತ್ತಾನೆ. ಆರು ತಿಂಗಳ ನಂತರ ಅದೇ ಹುಡುಗ ಒಂಟಿತನ, ಓದಿನಲ್ಲಿ ಹಿನ್ನಡೆ ಎಂದು ಆಪ್ತಸಲಹೆಗೆ ಬರುತ್ತಾನೆ. ಆಪ್ತಸಲಹೆಗಾರರಿಗೆ ಲೆಕ್ಕಪತ್ರದ ಉಸಾಬರಿ ಏಕೆ ಎನ್ನುವವರಿದ್ದಾರೆ. ಲೆಕ್ಕವನ್ನು ಮುಟ್ಟದೆ ಬರಿಯ ಆತಂಕದ ಬಗ್ಗೆ ಮಾತಾಡಿದ್ದರೆ ಈ ಹುಡುಗನಿಗೆ ಉಸಿರಾಟದ ವ್ಯಾಯಾಮ ಕಲಿಸಿ ಉಪವಾಸಕ್ಕೆ ಕಳಿಸಿದಂತಾಗುತ್ತಿತ್ತು.

ಕೊಟ್ಟ ಸಲಹೆಯ ಮೊದಲ ಮಾತು ಇದು: ಊಟದ 6 ಪಾಲನ್ನು ಮುಟ್ಟಕೂಡದು. ಕೊರತೆ ತುಂಬುವುದು ಬೇರೆ ಕಡೆಯಿಂದ. ಒಂಟಿ ಕೋಣೆಯ ಬದಲು ಇಬ್ಬರ ಕೋಣೆ ಹಿಡಿದರೆ ಬಾಡಿಗೆ 4ರಿಂದ 3ಕ್ಕೆ ಇಳಿಯುತ್ತಿತ್ತು. ವರ್ಷಕ್ಕೆ 10, ಠೇವಣಿಯಲ್ಲಿ 2, ಒಟ್ಟು 12 ಅಲ್ಲೇ ಸಿಕ್ಕಿತು. ಪುಸ್ತಕಗಳನ್ನು ತರಗತಿ ಶುರುವಾಗಿ ಎರಡು ವಾರ ಕಳೆದ ಮೇಲೆ ಕೊಳ್ಳುವುದೆಂದಾಯಿತು. ಪಟ್ಟಿಯಲ್ಲಿರುವ ಎಲ್ಲ ಪುಸ್ತಕವೂ ಬೇಕಾಗುವುದಿಲ್ಲ. ಕೆಲವು ಗ್ರಂಥಾಲಯದಲ್ಲಿ ಸಿಗುತ್ತವೆ, ಕೆಲವನ್ನು ಹಿರಿಯ ವಿದ್ಯಾರ್ಥಿಗಳು ಮಾರುತ್ತಾರೆ. ಅಲ್ಲಿ 3. ಹಾಸಿಗೆ-ಪಾತ್ರೆಗಳಲ್ಲಿ ಅರ್ಧ ಮನೆಯಿಂದಲೇ ಒಯ್ದರೆ 2. ಕೋಣೆ ಕಣ್ಣಾರೆ ನೋಡುವ ಮೊದಲು ಬೀಗ, ಹೊದಿಕೆ, ಔಷಧಿ ಬಿಟ್ಟು ಬೇರೇನೂ ಕೊಳ್ಳಬೇಡ ಎಂದೂ ಹೇಳಿದೆ. ಮೊದಲೇ ಕೊಂಡು ಹೋದರೆ, ಅಲ್ಲಿ ನೋಡಿದಾಗ ಮೇಜುದೀಪ, ಕಪಾಟು ಕೋಣೆಯಲ್ಲೇ ಇರುತ್ತವೆ. ಲ್ಯಾಪ್‌ಟಾಪ್ ಕೊಳ್ಳುವವರೂ ವಿಭಾಗದಲ್ಲಿ ಯಾವ ತಂತ್ರಾಂಶ ಬಳಸುತ್ತಾರೆಂದು ಕೇಳಿದ ಮೇಲೆಯೇ ಕೊಳ್ಳಬೇಕು.

ಉಳಿದ ಕೊರತೆ 4 ಪಾಲು. ತಂದೆಯನ್ನು ಒಳಗೆ ಕರೆದು ಹಾಳೆ ಅವರ ಮುಂದಿಟ್ಟೆವು. ಅವರು ಎರಡು ಸಲ ಓದಿ, “ಇಷ್ಟಕ್ಕೇನಾ? ಇದನ್ನ ಕೇಳೋಕೆ ನಿದ್ದೆಗೆಟ್ಯಾ?” ಎಂದರು. ಮಗ ತಲೆ ಎತ್ತಲಿಲ್ಲ. “ಒಂದ್ಸಲ ಕೊಟ್ಟಿದೀರಲ್ಲ ಅಪ್ಪಾ, ಮತ್ತೆ ಹೇಗೆ ಕೇಳ್ಲಿ?”

ಎರಡನೇ ಸಲಹೆ ಆ ಮಾತಿನಿಂದ ಬಂತು. ಹೊರಡುವ ಮೊದಲೇ ತಂದೆ ಮಗ ಕೂತು ಒಂದು ಗೆರೆ ಹಾಕಿಕೊಳ್ಳಬೇಕು: ಖಾತೆಯಲ್ಲಿ ಮೂರು ವಾರದ ಊಟದಷ್ಟೇ ಹಣ ಉಳಿದ ದಿನ ಮನೆಗೆ ಫೋನು ಮಾಡುವುದು. ಕಾರಣ ಕೊಡಬೇಕಿಲ್ಲ, ಆ ದಿನ ಬೈಯುವಂತಿಲ್ಲ. ಮೂರು ವಾರ ಏಕೆಂದರೆ, ಹಣ ಹೊಂದಿಸಲು, ಅರ್ಜಿ ಹಾಕಲು, ಕಂತು ಕೇಳಲು ಅಷ್ಟು ಸಮಯ ಬೇಕು. ಪೂರ್ತಿ ಖಾಲಿಯಾದ ಮೇಲೆ ಉಳಿಯುವ ದಾರಿ ಸಾಲ ಮಾತ್ರ. ಫೋನಿನಲ್ಲಿ ನಿಮಿಷದಲ್ಲಿ ಸಿಗುವ ಸಾಲದ ಬಡ್ಡಿ ತಿಂಗಳಿಗೆ 3% ಎಂದರೂ, ಕಟ್ಟದೆ ಬಿಟ್ಟರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ 36% ಅಲ್ಲ, ಸುಮಾರು 42.6% ಆಗುತ್ತದೆ. ಹೀಗೆ ಗೆರೆ ಹಾಕಿದರೆ ಮಕ್ಕಳಿಗೆ ಕೈಚಾಚುವ ಚಾಳಿ ಕಲಿಸಿದಂತೆ ಎಂದು ಕೆಲವು ತಂದೆತಾಯಿ ಬೇಸರಪಡುತ್ತಾರೆ. ಗೆರೆ ಇದ್ದರೆ ಹುಡುಗ ವಾರವಾರ ಖಾತೆ ನೋಡುತ್ತಾನೆ. ಗೆರೆ ಇಲ್ಲದವನು ಭಯಕ್ಕೆ ಖಾತೆ ತೆರೆಯುವುದನ್ನೇ ಬಿಡುತ್ತಾನೆ. ಹಾಗಾಗಿ ಈ ಸಲಹೆಯನ್ನು ಬದಲಿಸುವ ಯೋಚನೆ ನನಗಿಲ್ಲ.

ಮೂರನೆಯದು ದಿನನಿತ್ಯದ ಕ್ರಮ. ಖಾತೆ ಎರಡಿರಲಿ. ದೊಡ್ಡದರಲ್ಲಿ ಎಲ್ಲ ಹಣ, ಬಾಡಿಗೆ ಅಲ್ಲಿಂದಲೇ ಹೋಗಲಿ. ಚಿಕ್ಕದಕ್ಕೆ ಪ್ರತಿ ಸೋಮವಾರ ಒಂದು ವಾರದ ಹಣ ಮಾತ್ರ ಬೀಳಲಿ. ಶುಕ್ರವಾರ ಹಾಕಿದರೆ ಶನಿವಾರ ಭಾನುವಾರದ ತಿರುಗಾಟಕ್ಕೇ ಕರಗುತ್ತದೆ. ವಾರದ ಲೆಕ್ಕದಲ್ಲಿ ಇನ್ನೊಂದು ಎಡವಟ್ಟು ಇದೆ. ತಿಂಗಳಿಗೆ ನಾಲ್ಕೇ ವಾರ ಎಂದು 6 ಪಾಲನ್ನು ನಾಲ್ಕರಿಂದ ಭಾಗಿಸಿ ವಾರಕ್ಕೆ 1.5 ಎಂದು ಇವನು ಬರೆದಿದ್ದ. 10 ತಿಂಗಳೆಂದರೆ 40 ವಾರವಲ್ಲ, 43 ದಾಟುತ್ತದೆ. ಮೂರು ವಾರದ ಊಟ ಲೆಕ್ಕದಿಂದಲೇ ಹೊರಗುಳಿದಿತ್ತು. ವಾರಕ್ಕೆ 1.38ರ ಮೇಲೆ ಹೋಗುವಂತಿಲ್ಲ. ಅಷ್ಟರಲ್ಲಿ ಬದುಕಲು ಆಗುತ್ತದೆಯೇ ಎಂದು ತಿಳಿಯಲು ಮನೆಯಲ್ಲಿರುವ ಕೊನೆಯ ನಾಲ್ಕು ವಾರ ಅಷ್ಟೇ ಹಣದಲ್ಲಿ, ತಾನೇ ಅಡುಗೆ ಮಾಡಿ, ತಾನೇ ಬಟ್ಟೆ ಒಗೆದು ಇದ್ದು ನೋಡಲು ಹೇಳಿದೆ. ಮೊದಲ ವಾರ ಅವನಿಗೆ ಗುರುವಾರಕ್ಕೇ ಹಣ ಮುಗಿಯಿತು, ನಾಲ್ಕನೇ ವಾರ ಭಾನುವಾರದ ತನಕ ಬಂತು.

ಹೊಸ ಲೆಕ್ಕದಲ್ಲಿ ಮೊದಲ ತಿಂಗಳು 23, ಆಮೇಲೆ ತಿಂಗಳಿಗೆ 9. ವಿದ್ಯಾರ್ಥಿವೇತನ ಆರನೇ ತಿಂಗಳ ಕೊನೆಗೆ ಬಂದರೂ ತಡೆದುಕೊಳ್ಳುತ್ತದೆ. ಬರುವ ಹಣವನ್ನು ಹೇಳಿದ ದಿನಾಂಕಕ್ಕಿಂತ ಎರಡು ತಿಂಗಳು ಮುಂದಕ್ಕೆ ಬರೆದುಕೊಳ್ಳುವುದು ಒಳ್ಳೆಯದು. ಹಾಜರಾತಿ, ಖಾತೆಯ ವಿವರ, ದಾಖಲೆ, ಯಾವುದು ಎಲ್ಲಿ ಸಿಕ್ಕಿಕೊಂಡರೂ ಪಾವತಿ ನಿಲ್ಲುತ್ತದೆ.

ಮನೆಯಲ್ಲಿ ಕೊಡಲು ಏನೂ ಇಲ್ಲದವರಿಗೂ ಗೆರೆ ಬೇಕು, ಫೋನು ಹೋಗುವ ಕಡೆ ಬೇರೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕ್ಷೇಮದ ಕಚೇರಿ, ತುರ್ತು ನೆರವಿನ ನಿಧಿ ಇರುತ್ತವೆ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಗಡುವಿಗೆ ಮೊದಲು ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು, ಗಡುವು ದಾಟಿದ ಮೇಲೆ ದಂಡವೂ ಸೇರುತ್ತದೆ. ಆ ಕಚೇರಿ ಎಲ್ಲಿದೆ, ಅರ್ಜಿಗೆ ಯಾವ ದಾಖಲೆ ಬೇಕು ಎಂಬುದನ್ನು ಸೇರಿದ ಮೊದಲ ವಾರವೇ, ಹೊಟ್ಟೆ ತುಂಬಿರುವಾಗಲೇ, ಹೋಗಿ ಕೇಳಿಕೊಂಡು ಬರಬೇಕು.