ಭತ್ತದ ತಳಿಗಳ ಲಕ್ಷಣ ಬರೆದು ಬಾಯಿಪಾಠ ಮಾಡಿದರೂ ಕಾಳು ಕಂಡಾಗ ಮರೆತುಹೋಗುತ್ತೆ. ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳೋದು ಹೇಗೆ?

ನಿಮ್ಮ ನೆನಪಿಗೆ ಏನೂ ಆಗಿಲ್ಲ. ನನ್ನದಕ್ಕೂ ಏನೂ ಆಗಿರಲಿಲ್ಲ.

2019ರಲ್ಲಿ ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಸ್ಯಾಂಪಲ್ ನೋಡೋ ಕೆಲಸಕ್ಕೆ ಸೇರಿದೆ. ನನ್ನ ಹತ್ತಿರವೂ ನೋಟ್‌ಬುಕ್ ಇತ್ತು, ತಳಿಗೊಂದು ಪುಟ. ನಮ್ಮ ಕಡೆ ಸೋನಾ ಮಸೂರಿ ಅಂತ ಕರೆಯೋದು ಬಿಪಿಟಿ 5204 ತಳಿಯನ್ನ, ಆಂಧ್ರದ ಬಾಪಟ್ಲದ್ದು. ಆರ್‌ಎನ್‌ಆರ್ 15048 ಹೈದರಾಬಾದಿನ ರಾಜೇಂದ್ರನಗರದ್ದು. ಇದೆಲ್ಲ ಇವತ್ತಿಗೂ ಬಾಯಲ್ಲಿದೆ. ಕಾಳು ಮುಂದಿದ್ದಾಗ ಒಂದೂ ಉಪಯೋಗಕ್ಕೆ ಬರಲಿಲ್ಲ.

ತಿಂಗಳಾದ ಮೇಲೆ ಒಂದು ದಿನ ಸಾಹುಕಾರರು ಊರಲ್ಲಿರಲಿಲ್ಲ. 60 ಚೀಲ ಬಂತು. ತಂದವನು ಸೋನಾ ಅಂದ. ಮುಷ್ಟಿ ತೆಗೆದು ನೋಡಿದೆ, ಬಣ್ಣ ಮಾಸಲು. ಸೋನಾನೇ ಅಂತ ಚೀಟಿ ಬರೆದು ದುಡ್ಡು ಕೊಡಿಸಿದೆ. ಚೀಲ ಸುರಿಯುವಾಗ ಹಮಾಲಿ ತಾತ ಬೊಗಸೆಯಲ್ಲಿ ಹಿಡಿದು, "ತಮ್ಮಾ, ಇಷ್ಟು ಸಣ್ಣ ಕಾಳು ಸೋನಾದಾಗ ಎಲ್ಲೈತಿ?" ಅಂದ. ಅದು ಆರ್‌ಎನ್‌ಆರ್. ಆ ವಾರ ಅದರ ದರ 75 ಕೆಜಿ ಚೀಲಕ್ಕೆ 150 ರೂಪಾಯಿ ಕಮ್ಮಿ ಇತ್ತು. 9,000 ರೂಪಾಯಿ ನನ್ನ ಸಂಬಳದಲ್ಲಿ ಮುರಿದುಕೊಂಡರು.

ಎಡವಿದ್ದೆಲ್ಲಿ ಅಂದ್ರೆ, ಸೋಮವಾರ ಪೂರ್ತಿ ಸೋನಾ ನೋಡ್ತಿದ್ದೆ, ಮಂಗಳವಾರ ಪೂರ್ತಿ ಆರ್‌ಎನ್‌ಆರ್. ನಾನು ನೋಡಿದ ಸೋನಾ ಎಲ್ಲಾ ಒಂದೇ ಲಾರಿಯದ್ದು, ಕೊಯ್ಲಿನಲ್ಲಿ ಮಳೆಗೆ ಸಿಕ್ಕಿದ್ದು. ಹಾಗಾಗಿ 'ಮಾಸಲು ಬಣ್ಣ' ಸೋನಾದ ಗುರುತು ಅಂತ ಬರೆದುಕೊಂಡೆ. ಅದು ಮಳೆ ಮಾಡಿದ ಕೆಲಸ, ತಳಿಯದ್ದಲ್ಲ. ಪಕ್ಕದಲ್ಲೇ ಒಂದು ಹಿಡಿ ಆರ್‌ಎನ್‌ಆರ್ ಇಟ್ಟಿದ್ದರೆ ಕಾಳಿನ ಗಾತ್ರ ತಾನೇ ಕಣ್ಣಿಗೆ ಬೀಳ್ತಿತ್ತು. ಒಂದನ್ನೇ ನೋಡ್ತಾ ಕೂತರೆ ಅದು ಹೇಗಿದೆ ಅಂತ ಗೊತ್ತಾಗುತ್ತೆ, ಇನ್ನೊಂದರಿಂದ ಎಲ್ಲಿ ಬೇರೆ ಅಂತ ಗೊತ್ತಾಗಲ್ಲ. ಜೊತೆಗೆ ಹೆಸರು ಮೊದಲೇ ಗೊತ್ತಿರ್ತಿತ್ತಲ್ವಾ? ಇಡೀ ತಿಂಗಳು ಒಂದು ಸಲವೂ ಊಹಿಸಲಿಲ್ಲ, ಒಂದು ಸಲವೂ ತಪ್ಪಲಿಲ್ಲ.

ಆಮೇಲೆ ತಾತನೇ ಕಲಿಸಿದ. ಬೇರೆ ಬೇರೆ ಲೋಡಿನ ಕಾಳು ತಂದು, ಎರಡು ಮುಷ್ಟಿ ಮುಂದೆ ಹಿಡಿದು "ಹೇಳು" ಅನ್ನೋನು. ನಾನು ಹೇಳಿದ ಮೇಲೇ ಸರಿಯೋ ತಪ್ಪೋ ಅನ್ನೋನು. ಮೊದಲ ದಿನ 20ರಲ್ಲಿ 11 ತಪ್ಪು. ಇದಕ್ಕಿಂತ ನೋಟ್‌ಬುಕ್ಕೇ ವಾಸಿ ಅನ್ನಿಸಿತ್ತು.

ಹಾಗೆ ಅನ್ನಿಸೋದು ನನಗೊಬ್ಬನಿಗೇ ಅಲ್ಲ. 2008ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ 12 ಚಿತ್ರಕಾರರ ಆರಾರು ಚಿತ್ರ ತೋರಿಸಿ ಪರೀಕ್ಷೆ ಮಾಡಿದರು. ಕೆಲವರ ಚಿತ್ರ ಒಟ್ಟಿಗೆ ಸಾಲಾಗಿ, ಇನ್ನು ಕೆಲವರದ್ದು ಬೆರೆಸಿ. ಆಮೇಲೆ ಹೊಸ ಚಿತ್ರ ತೋರಿಸಿ ಇದು ಯಾರದ್ದು ಅಂತ ಕೇಳಿದಾಗ, ಬೆರೆಸಿ ತೋರಿಸಿದ ಚಿತ್ರಕಾರರನ್ನೇ ಜನ ಚೆನ್ನಾಗಿ ಗುರುತಿಸಿದರು. ಆದರೂ ಹೆಚ್ಚಿನವರಿಗೆ ಸಾಲಾಗಿ ನೋಡಿದ್ದೇ ಒಳ್ಳೇದು ಅನ್ನಿಸಿತ್ತು!

ಅದಕ್ಕೇ ನೆನಪಿನ ಮಾತ್ರೆ, ಬಣ್ಣದ ಚಾರ್ಟು ಎಲ್ಲ ಸುಮ್ನೆ ದುಡ್ಡು ದಂಡ. ಎರಡೇ ತಳಿ ತಗೊಳ್ಳಿ, ನಿಮಗೆ ಜಾಸ್ತಿ ಗೊಂದಲ ಮಾಡೋ ಎರಡು. ಒಂದೊಂದನ್ನೂ ನಾಲ್ಕೈದು ರೈತರಿಂದ ತನ್ನಿ. ಸಿಪ್ಪೆ ಉಜ್ಜಿ ಒಳಗಿನ ಅಕ್ಕಿಯನ್ನೂ ನೋಡಿ. ಹೆಸರಿನ ಚೀಟಿ ತಟ್ಟೆಯ ಕೆಳಗಿರಲಿ, ತಟ್ಟೆಗಳನ್ನು ಬೇರೆಯವರು ಅದಲು ಬದಲು ಮಾಡಲಿ. ನಮ್ಮ ಮನೇಲಿ ಆ ಕೆಲಸ ಮಗಳದ್ದು. ಹೋದ ವಾರ ಎರಡೂ ತಟ್ಟೆಗೆ ಒಂದೇ ಭತ್ತ ಹಾಕಿಟ್ಟಿದ್ದಳು. ನಾನು ಐದು ನಿಮಿಷ ವ್ಯತ್ಯಾಸ ವಿವರಿಸಿದೆ.